ಬದುಕಿರುವ ಮಗಳಿಗೆ ಶ್ರಾದ್ಧ

ಮಗಳ ಹೆಸರಿನಲ್ಲಿ ಮಡಕೆ ಒಡೆದು ಶ್ರಾದ್ಧ ಮುಗಿಸಿದರೆ ಆಯಿತು, ಅವಳು ಉಸಿರಾಡುತ್ತಿದ್ದರೂ ಮನೆಗೆ, ಜಾತಿಗೆ ಸತ್ತವಳು. ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ತೆಗೆದ 'ಘಟಶ್ರಾದ್ಧ' ಈ ಕ್ರಿಯೆಯ ಸುತ್ತ ಹೆಣೆದ ಚಿತ್ರ. ಅವರ ಈ ಮೊದಲ ಚಿತ್ರಕ್ಕೇ ಸ್ವರ್ಣಕಮಲ ಬಂತು.

ಎಳೆ ವಯಸ್ಸಿನ ವಿಧವೆ ಯಮುನಾ ಶಾಲಾ ಮಾಸ್ತರನಿಂದ ಬಸುರಾಗುತ್ತಾಳೆ. ತಂದೆ ಉಡುಪರು ವೇದಪಾಠಶಾಲೆ ನಡೆಸುವವರು. ಅವರನ್ನು ಕಟುಕನಂತೆ ತೋರಿಸಿದ್ದರೆ ನಾವು ಬೈದುಕೊಂಡು ಎದ್ದುಬರಬಹುದಿತ್ತು. ಕಾಸರವಳ್ಳಿ ಹಾಗೆ ಮಾಡಿಲ್ಲ. ಉಡುಪರು ಸಾಧು ಮನುಷ್ಯ, ಶಾಸ್ತ್ರ ಬಲ್ಲವರು. ನನ್ನನ್ನು ಕಲಕುವುದು ಅದೇ. ತಂದೆಯಾಗಿ ಎದುರಿಸಬೇಕಾದ ಸಂಕಟವನ್ನು ಅವರು ವೈದಿಕರಾಗಿ ಮುಗಿಸಿಬಿಡುತ್ತಾರೆ. ಮಂತ್ರ, ವಿಧಿ ಎಲ್ಲ ಸಿದ್ಧವಿರುವಾಗ ಮಗಳ ಮುಖ ನೋಡಿ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಅದೇ ಉಡುಪರು ಕೊನೆಗೆ ಹದಿಹರೆಯದ ಹುಡುಗಿಯನ್ನು ಮದುವೆಯಾಗಲು ಹೊರಟಿರುವುದು ತಿಳಿಯುತ್ತದೆ. ಅದಕ್ಕೆ ಊರಿನಲ್ಲಿ ಯಾರ ತಕರಾರೂ ಇಲ್ಲ.

ಇತ್ತ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ. ದೊಡ್ಡ ಹುಡುಗರ ಕಾಟದಿಂದ ತನ್ನನ್ನು ಕಾಯುವ ಯಮುನಕ್ಕನನ್ನು ಅವನು ಬಿಟ್ಟಿರಲಾರ. ಅವಳು ಸಾಯಲೆಂದು ಹಾವಿನ ಹುತ್ತಕ್ಕೆ ಕೈ ಹಾಕುವಾಗಲೂ ಜೊತೆಗಿರುವವನು ಅವನೇ. ರಕ್ತಸಂಬಂಧಿ ಕೈಬಿಟ್ಟವಳ ಬಳಿ ಏನೂ ಅಲ್ಲದ ಹುಡುಗ ನಿಲ್ಲುತ್ತಾನೆ. ಇದನ್ನು ಭರವಸೆಯ ಬೆಳಕೆಂದು ಓದುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ನಾಣಿಯನ್ನು ಅವನ ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ. ತಲೆ ಬೋಳಿಸಿಕೊಂಡ ಯಮುನಾ ಮರದ ಬುಡದಲ್ಲಿ ಉಳಿಯುತ್ತಾಳೆ. ಮಗುವಿನ ಪ್ರೀತಿ ನಿಜ, ಆದರೆ ಅದಕ್ಕೆ ಯಾರನ್ನೂ ಉಳಿಸುವ ಅಧಿಕಾರವಿಲ್ಲ.

ಚಿತ್ರದ ಕೊರತೆಯೆಂದರೆ ಮಾಸ್ತರ. ಗರ್ಭಪಾತಕ್ಕೆ ಏರ್ಪಾಡು ಮಾಡಿ ಊರು ಬಿಡುವ ಅವನನ್ನು ಊರು ಕೇಳುವುದಿಲ್ಲ, ಚಿತ್ರವೂ ಹೆಚ್ಚು ಕೇಳುವುದಿಲ್ಲ. ಎಲ್ಲವನ್ನೂ ಹುಡುಗನ ಕಣ್ಣಿನಿಂದ ನೋಡುವುದರಿಂದ ಯಮುನಾಳ ಮನಸ್ಸೂ ನಮಗೆ ಪೂರ್ತಿ ದಕ್ಕುವುದಿಲ್ಲ. ಹಾಗಿದ್ದೂ ಎಸ್. ರಾಮಚಂದ್ರರ ಕಪ್ಪು-ಬಿಳುಪಿನ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ ಆ ಮನೆಯ ಉಸಿರುಗಟ್ಟಿಸುವ ಮೌನವನ್ನು ಮೈಗೆ ತಾಗಿಸುತ್ತವೆ.

ಬೇರೆ ಜಾತಿಯವನನ್ನು ಮದುವೆಯಾದ ಮಗಳು ತಮ್ಮ ಪಾಲಿಗೆ ಸತ್ತಳೆಂದು ತಿಥಿ ಮಾಡುವ ಮನೆಗಳು ಇವತ್ತಿಗೂ ಇವೆ. ಹೊಸದಾಗಿ ಸರಿಪಡಿಸಿದ ಈ ಚಿತ್ರದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ನಮ್ಮೂರುಗಳಲ್ಲೂ ಅದನ್ನು ತೋರಿಸಬೇಕು. ಬೆಳೆದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಉಡುಪರು ಏನು ಮಾಡಬೇಕಿತ್ತೆಂದು ಅವರನ್ನೇ ಕೇಳಿ.