ಬಭ್ರುವಾಹನನ ಗರ್ಜನೆ ಮತ್ತು ಭಾಷಣಕಲೆಯ ಅಭ್ಯಾಸ

ನವೆಂಬರ್ ತಿಂಗಳು ಬಂದಿತೆಂದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ರಾಜ್ಯೋತ್ಸವ ವೇದಿಕೆಗಳಲ್ಲಿ ಬಾಲಕನೊಬ್ಬನು ಕಿರೀಟ ಧರಿಸಿ ಬಭ್ರುವಾಹನನಾಗುವುದು ವಾಡಿಕೆ. ಎದುರಿಗೆ ಅರ್ಜುನನಿರುವುದಿಲ್ಲ, ಅವನ ಮಾತನ್ನೂ ಅದೇ ಬಾಲಕನು ಪಕ್ಕಕ್ಕೆ ತಿರುಗಿ ಆಡಿಬಿಡುತ್ತಾನೆ. ಕರತಾಡನ ಗರ್ಜನೆಗೆ ಸಲ್ಲುತ್ತದೆ. ಮಕ್ಕಳ ಸಭಾಕಂಪವನ್ನು ಬಿಡಿಸಲು ಇದು ಸುಲಭ ಸಾಧನವೆಂದು ಪಾಲಕರೂ ಶಿಕ್ಷಕರೂ ನಂಬಿರುವುದು ಸಹಜವೇ. ಆದರೆ ಆ ದೃಶ್ಯವು ನಿಜವಾಗಿ ಏನನ್ನು ಕಲಿಸುತ್ತದೆಂಬ ಪರಿಶೀಲನೆ ಅಪರೂಪ.

‘ಬಭ್ರುವಾಹನ’ ಚಿತ್ರ 1977ರಲ್ಲಿ ತೆರೆಕಂಡಿತು. ನಿರ್ದೇಶಕರು ಹುಣಸೂರು ಕೃಷ್ಣಮೂರ್ತಿ. ತಂದೆ ಮತ್ತು ಮಗ, ಎರಡೂ ಪಾತ್ರಗಳಲ್ಲಿ ಡಾ. ರಾಜ್‌ಕುಮಾರ್. 1954ರ ‘ಬೇಡರ ಕಣ್ಣಪ್ಪ’ಕ್ಕೆ ಮುನ್ನ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ನಟರವರು. ಕಟ್ಟಕಡೆಯ ಸಾಲಿನ ಪ್ರೇಕ್ಷಕನಿಗೂ ಅಕ್ಷರ ಅಕ್ಷರವೂ ಮುಟ್ಟಬೇಕೆಂಬ ರಂಗಭೂಮಿಯ ಶಿಸ್ತು ಅವರ ಮಹಾಪ್ರಾಣಗಳಲ್ಲಿ, ಉಸಿರನ್ನು ತಡೆದು ಬಿಡುವ ಕ್ರಮದಲ್ಲಿ ಎದ್ದು ಕಾಣುತ್ತದೆ. ಕನ್ನಡದ ಸ್ಪಷ್ಟೋಚ್ಚಾರಣೆಗೆ ಇದಕ್ಕಿಂತ ಉತ್ತಮ ಪಾಠ ಜನಪ್ರಿಯ ಕಲೆಯಲ್ಲಿ ದೊರೆಯುವುದು ಕಷ್ಟ. ಇಷ್ಟರಮಟ್ಟಿಗೆ ಶಿಕ್ಷಕರ ಆಯ್ಕೆ ಸರಿಯಾಗಿಯೇ ಇದೆ.

ದೋಷವಿರುವುದು ಕತ್ತರಿಸುವ ಕ್ರಮದಲ್ಲಿ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಕನ್ನಡಿಗರಿಗೆ ಪರಿಚಿತವಾದ ಈ ಕಥೆಯಲ್ಲಿ ಬಭ್ರುವಾಹನನು ಮೊದಲು ಬರುವುದು ಗರ್ಜಿಸಲಿಕ್ಕಲ್ಲ. ಯಜ್ಞಾಶ್ವವನ್ನು ಕಟ್ಟಿದವನು, ಅರ್ಜುನನೇ ತನ್ನ ತಂದೆಯೆಂದು ತಾಯಿ ಚಿತ್ರಾಂಗದೆಯಿಂದ ಅರಿತು, ಕಾಣಿಕೆಯೊಡನೆ ಶರಣು ಬರುತ್ತಾನೆ. ಅರ್ಜುನನು ಅವನನ್ನು ನಂಬುವುದಿಲ್ಲ. ತಾಯಿಯ ಶೀಲವನ್ನೇ ಹೀಯಾಳಿಸುತ್ತಾನೆ. ಅಲ್ಲಿಂದ ಮುಂದಿನದೆಲ್ಲ ಕೇಳುವ ಕಿವಿಯಿಲ್ಲದ ಮಾತು. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು. ಕೊನೆಗೆ ಮಗನ ಬಾಣಕ್ಕೆ ತಂದೆ ಬೀಳುತ್ತಾನೆ. ಅವನನ್ನು ಬದುಕಿಸಲು ನಾಗಲೋಕದ ಮಣಿಯೇ ಬೇಕಾಗುತ್ತದೆ. ಅಂದರೆ ವೇದಿಕೆಯಲ್ಲಿ ವಾಗ್ಮಿತೆಯ ಮಾದರಿಯೆಂದು ಬಹುಮಾನ ಪಡೆಯುವ ಭಾಗವು ಕಥೆಯಲ್ಲಿ ಮಾತು ಸಂಪೂರ್ಣವಾಗಿ ಸೋತ ಭಾಗ! ಮಗನ ಆರಂಭದ ವಿನಯವನ್ನು ಯಾವ ಬಾಲಕನೂ ಅಭಿನಯಿಸಲಾರನು, ಏಕೆಂದರೆ ಅದನ್ನು ಅವನಿಗೆ ಯಾರೂ ಕಲಿಸಿಲ್ಲ. ರೋಷಕ್ಕೆ ಅರ್ಥ ಬರುವುದು ಆ ವಿನಯ ತಿರಸ್ಕೃತವಾದುದರಿಂದ. ಅದನ್ನು ಬಿಟ್ಟರೆ ಉಳಿಯುವುದು ಬರೀ ಕಂಠ.

ಜೈನ ಓದುಗರಿಗೆ ಇಲ್ಲಿ ಪಂಪನ ‘ಆದಿಪುರಾಣ’ ನೆನಪಾಗದಿರದು. ಕ್ರಿ.ಶ. 941ರ ಆ ಕಾವ್ಯದಲ್ಲಿಯೂ ಸ್ವಜನರ ಕಲಹವೇ ವಸ್ತು. ಭರತನ ದೂತನ ಮಾತು ಬಾಹುಬಲಿಯನ್ನು ಒಲಿಸದೆ ಹಿಂದಿರುಗುತ್ತದೆ. ಆದರೆ ಸೇನೆಗಳ ಸಂಹಾರ ಬೇಡವೆಂದು ಮಂತ್ರಿಗಳು ನುಡಿದಾಗ ಇಬ್ಬರೂ ಅದಕ್ಕೆ ಕಿವಿಗೊಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ವಿವಾದ ಇತ್ಯರ್ಥವಾಗುತ್ತದೆ. ಮಂತ್ರಿಗಳ ಆ ನಾಲ್ಕು ಮಾತನ್ನು ಕಂಠಪಾಠ ಮಾಡಿಸಿದ ಸ್ಪರ್ಧೆ ಎಲ್ಲಿಯಾದರೂ ಉಂಟೇ?

ವಯಸ್ಕರ ಅಭ್ಯಾಸದಲ್ಲಿ ಸ್ಥಿತಿ ತುಸು ಮೇಲು. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಇಂದು ಬೆಂಗಳೂರಿನಲ್ಲಿಯೂ ನಡೆಯುತ್ತವೆ. ಅಲ್ಲಿ ಒಬ್ಬರು ಗಡಿಯಾರ ಹಿಡಿಯುತ್ತಾರೆ. ಒಬ್ಬರು ವಕ್ತಾರನ ‘ಆ’, ‘ಅಂ’ಗಳನ್ನು ಎಣಿಸುತ್ತಾರೆ. (ಆಡಿದ್ದು ಸತ್ಯವೇ ಎಂದು ಎಣಿಸುವ ಹುದ್ದೆ ಮಾತ್ರ ಇಲ್ಲ.) ಆದರೂ ಭಾಷಣದ ಗುಣದೋಷ ಹೇಳಲು ನಿಯುಕ್ತನಾದ ಇನ್ನೊಬ್ಬನು ಅದನ್ನು ಕೊನೆಯವರೆಗೆ ಕೇಳಲೇಬೇಕಾಗುತ್ತದೆ, ಆ ಕೂಟಗಳ ನಿಜವಾದ ಲಾಭ ಇದೇ.

ಜನಪ್ರಿಯ ಮಾಧ್ಯಮದಲ್ಲಿ ಸೌಮ್ಯ ಮಾದರಿ ಇಲ್ಲವೆಂದಲ್ಲ. ಆರ್.ಟಿ. ನಗರಕ್ಕೆ ಸಮೀಪದ ಜೆ.ಸಿ. ನಗರದಲ್ಲಿರುವ ದೂರದರ್ಶನ ಕೇಂದ್ರದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯನ್ನು ನಡೆಸಿದ ಡಾ. ನಾ. ಸೋಮೇಶ್ವರ ಅವರು ಉತ್ತರ ತಪ್ಪಿದವರನ್ನು ನಗೆಗೀಡು ಮಾಡದೆ, ಸರಿಯುತ್ತರವನ್ನು ವಿವರಿಸಿ ಮುಂದುವರಿಯುವವರು. ಬಹುಮಾನ ಕನ್ನಡ ಪುಸ್ತಕ. ಧ್ವನಿ ಏರಿಸದೆಯೂ ಸಾವಿರಾರು ಸಂಚಿಕೆಗಳು ನಡೆದವು.

ಪರ್ವದಿನಗಳಲ್ಲಿ ಬಸದಿಗಳ ಸಭಾಂಗಣದಲ್ಲಿ ಭಾಷಣಸ್ಪರ್ಧೆ ಏರ್ಪಡಿಸುವ ಟ್ರಸ್ಟ್‌ಗಳು ತೀರ್ಪುಗಾರರ ಅಂಕಪಟ್ಟಿಯನ್ನೊಮ್ಮೆ ನೋಡಬೇಕು. ಕಂಠ, ಭಂಗಿ, ಸ್ಮರಣೆ, ಸಮಯ ಎಂಬ ನಾಲ್ಕು ಅಂಕಣಗಳೇ ಅದರಲ್ಲಿದ್ದರೆ, ಐದನೆಯದೊಂದು ಗೆರೆ ಎಳೆಯಬಹುದು: ಪ್ರತಿವಾದಿಯ ಪಕ್ಷವನ್ನು, ಅವನೇ ಹೌದೆನ್ನುವಂತೆ, ಮೊದಲು ಹೇಳಿದನೇ? ಸ್ಯಾದ್ವಾದದ ಮೇಲೆ ಭಾಷಣ ಮಾಡಿಸುವುದಕ್ಕಿಂತ ಇದು ಕಠಿಣವಾದ ಪರೀಕ್ಷೆ. ಹತ್ತು ವರ್ಷದ ಮಗುವಿಗೂ ಅಸಾಧ್ಯವಾದುದಲ್ಲ.