ಹೊಗಳಿಕೆಯ ಭಾರ ಹೊತ್ತ ಚಿತ್ರಗಳು

2025ರ ಆಗಸ್ಟ್ 1ರಂದು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದವು. ಅವು 2023ರ ಚಿತ್ರಗಳಿಗೆ ಸಂದ ಪ್ರಶಸ್ತಿಗಳು. 'ದ ಕೇರಳ ಸ್ಟೋರಿ'ಗಾಗಿ ಸುದೀಪ್ತೋ ಸೇನ್ ಅತ್ಯುತ್ತಮ ನಿರ್ದೇಶಕರಾದರು. 'ಜವಾನ್'ಗಾಗಿ ಶಾರುಖ್ ಖಾನ್ ವಿಕ್ರಾಂತ್ ಮಾಸ್ಸಿಯವರೊಂದಿಗೆ ಅತ್ಯುತ್ತಮ ನಟ ಪ್ರಶಸ್ತಿ ಹಂಚಿಕೊಂಡರು. ಆ ಸಂಜೆ ನಮ್ಮ ಓಣಿಯ ಚಹಾದಂಗಡಿಯಲ್ಲಿ ಮೊದಲ ಸುದ್ದಿ ಕೇಳಿ 'ಪ್ರಶಸ್ತಿಗೆ ಬೆಲೆಯೇ ಉಳಿಯಲಿಲ್ಲ' ಎಂದವರೇ ಎರಡನೆಯ ಸುದ್ದಿಗೆ ಲಡ್ಡು ತರಿಸಿದರು. ನಾವೂ ತಿಂದೆವು. ತಿಂದು ಕೈ ತೊಳೆಯುವಾಗ ಯೋಚನೆ ಬಂತು: ಒಂದೇ ಸಮಿತಿ, ಒಂದೇ ಪಟ್ಟಿ. ಅರ್ಧಕ್ಕೆ ಶಾಪ, ಅರ್ಧಕ್ಕೆ ಲಡ್ಡು. ಇದೆಂಥ ಇನ್ಸಾಫ್?

2023ರಲ್ಲಿ ಅತಿಯಾಗಿ ಹೊಗಳಿಸಿಕೊಂಡ ಚಿತ್ರಗಳು ಯಾವುವು ಎಂದು ಕೇಳಿದರೆ ನಾಲ್ಕು ಹೆಸರು ಕೂಡಲೇ ಬಾಯಿಗೆ ಬರುತ್ತವೆ. 'ಪಠಾನ್', 'ದ ಕೇರಳ ಸ್ಟೋರಿ', 'ಜವಾನ್', 'ಅನಿಮಲ್'. ಈ ನಾಲ್ಕನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕೆಂಬುದು ನಮ್ಮ ಆಸೆ. ಆ ಅಳತೆಗೋಲು ನಮಗೆ ಸಿಕ್ಕಿದ್ದು ಉರ್ದು ಪ್ರಾಥಮಿಕ ಶಾಲೆಯಲ್ಲಿ. ಕಥೆ ಓದಿಸಿದ ಮೇಲೆ ನಮ್ಮ ಉಸ್ತಾದರು ಕೇಳುತ್ತಿದ್ದ ಪ್ರಶ್ನೆ ಒಂದೇ: 'ಇದರಲ್ಲಿರುವವರಿಗೆ ಹಸಿವಾಗುತ್ತದೆಯೇ? ಜ್ವರ ಬರುತ್ತದೆಯೇ? ಮನೆಗೆ ತಡವಾಗಿ ಹೋದರೆ ಅಮ್ಮಿ ಬೈಯುತ್ತಾಳೆಯೇ?' ಹೌದು ಎಂದರೆ ಅದು ಕಥೆ, ಇಲ್ಲವೆಂದರೆ ಬರೀ ಭಾಷಣ. ಮುಂದೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಬಂದು ಮಾಸ್ತಿಯವರನ್ನೂ ತೇಜಸ್ವಿಯವರನ್ನೂ ಓದಿದಾಗ, ಕಥೆ ಬರೆಯಲು ಕುಳಿತಾಗ, ಈ ಅಳತೆ ಸುಳ್ಳಾಗಲಿಲ್ಲ.

'ದ ಕೇರಳ ಸ್ಟೋರಿ' ತೆರೆಗೆ ಬಂದದ್ದು 2023ರ ಮೇ 5ರಂದು, ಕರ್ನಾಟಕದ ವಿಧಾನಸಭಾ ಚುನಾವಣೆಯ ಮತದಾನಕ್ಕೆ ಐದು ದಿನ ಮೊದಲು. ಅದೇ ದಿನ ಬಳ್ಳಾರಿಯ ಪ್ರಚಾರ ಸಭೆಯಲ್ಲಿ ಪ್ರಧಾನಿಯವರೇ ಈ ಚಿತ್ರದ ಪ್ರಸ್ತಾಪ ಮಾಡಿದರು. ಒಂದು ಚಿತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆ ಇನ್ನೇನು ಬೇಕು? ಮೊದಲ ಟೀಸರಿನಲ್ಲಿ 32,000 ಹೆಣ್ಣುಮಕ್ಕಳ ಕಥೆ ಎಂದಿದ್ದರು. ಆಮೇಲೆ ಅದು ಮೂವರ ಕಥೆಯಾಯಿತು. ಮೇ 18ರಂದು ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳದ ನಿಷೇಧಕ್ಕೆ ತಡೆ ನೀಡಿತು. ಜೊತೆಗೆ ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲವೆಂಬ ಒಕ್ಕಣೆಯನ್ನು ಚಿತ್ರಕ್ಕೆ ಸೇರಿಸಬೇಕೆಂದೂ ಹೇಳಿತು. ನಿಷೇಧ ತಪ್ಪು ಎಂಬುದು ನಮ್ಮ ಅಭಿಪ್ರಾಯವೂ ಹೌದು. ಕೇರಳದಿಂದ ಕೆಲವರು 2016ರಲ್ಲಿ ಐಸಿಸ್ ಸೇರಲು ಅಫ್ಘಾನಿಸ್ತಾನಕ್ಕೆ ಹೋದದ್ದು ಸುಳ್ಳಲ್ಲ. ಆ ಮನೆಗಳಲ್ಲಿ ಉಳಿದ ತಾಯಂದಿರ ಬಗ್ಗೆ ಒಂದು ದೊಡ್ಡ ಚಿತ್ರ ಬರಬಹುದಿತ್ತು. ಆದರೆ ಬಂದದ್ದು ಬೇರೆಯೇ. ಇದರಲ್ಲಿ ಆಸಿಫಾ ಎಂಬ ಹಾಸ್ಟೆಲ್ ಹುಡುಗಿ ಇದ್ದಾಳೆ. ಅವಳೂ ನರ್ಸಿಂಗ್ ಓದುವವಳೇ. ಆದರೆ ಅವಳಿಗೆ ಪರೀಕ್ಷೆಯ ಭಯವಿಲ್ಲ, ಮನೆಯ ನೆನಪಿಲ್ಲ, ಒಂದು ಕ್ಷಣದ ಅಳುಕೂ ಇಲ್ಲ. ಬಲೆ ಬೀಸುವುದೊಂದೇ ಅವಳ ಕಸುಬು. ಇಂಥ ಪಾತ್ರ ಬರೆದುಕೊಟ್ಟಿದ್ದರೆ ನಮ್ಮ ಉಸ್ತಾದರು ನೋಟ್‌ಬುಕ್ ವಾಪಸು ಎಸೆಯುತ್ತಿದ್ದರು. ಇಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಸಿಕ್ಕಿದೆ.

ನಮ್ಮ ತಂಗಿಯ ಮಗಳು ಆಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಪಿಯುಸಿಯಿಂದ ಒಂದೇ ಡಬ್ಬಿಯ ಊಟ ಹಂಚಿಕೊಂಡ ಗೆಳತಿಯೊಬ್ಬಳು ಆ ಚಿತ್ರ ನೋಡಿ ಬಂದ ಮರುದಿನ, ಬಸ್ಸಿನಲ್ಲಿ ಇವಳ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕುಳಿತಳಂತೆ. ಜಗಳವಿಲ್ಲ, ಮಾತಿಲ್ಲ. ಒಂದು ಚಿತ್ರದ ಬೆಲೆಯನ್ನು ಕೋಟಿಗಳಲ್ಲಿ ಲೆಕ್ಕ ಹಾಕುವವರು ಆ ಖಾಲಿ ಸೀಟನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

'ಅನಿಮಲ್' ಡಿಸೆಂಬರ್ 1ರಂದು ಬಂತು. ಅವಧಿ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ತಂದೆ ಮಗನ ಪ್ರೀತಿಯ ಮಹಾಕಾವ್ಯವೆಂದು ಹಲವರು ಕೊಂಡಾಡಿದರು. ಹೆಂಗಸರನ್ನು ನಡೆಸಿಕೊಂಡ ರೀತಿಗೆ ಟೀಕೆಯೂ ಬಂತು, ಅದು ನ್ಯಾಯವೇ. ನಾವು ಕೇಳಬೇಕೆಂದಿರುವುದು ಇನ್ನೊಂದು. ನಾಯಕನೂ ಕ್ರೂರಿ, ಖಳನಾದ ಅಬ್ರಾರನೂ ಕ್ರೂರಿ. ಅಬ್ರಾರ್ ನಾಯಕನ ರಕ್ತಸಂಬಂಧಿಯೇ. ಮನೆಯಿಂದ ಹೊರಬಿದ್ದು ಮತಾಂತರಗೊಂಡ ಕವಲಿಗೆ ಸೇರಿದವನು. ನಾಯಕನ ಕ್ರೌರ್ಯ ಅರ್ಥವಾಗಲೆಂದು ಬಾಲ್ಯದಿಂದ ಹಿಡಿದು ಗಂಟೆಗಟ್ಟಲೆ ಕಥೆ ಹೇಳುತ್ತಾರೆ. ಅಬ್ರಾರನಿಗೂ ಮಾತೇ ನಿಂತುಹೋಗುವಷ್ಟು ದೊಡ್ಡ ಬಾಲ್ಯದ ಆಘಾತವಿದೆ. ಅದನ್ನು ಮಾತ್ರ ನಾಲ್ಕು ಮಾತಿನಲ್ಲಿ ಮುಗಿಸಿ, ಅವನ ಮೂರನೇ ಮದುವೆಯನ್ನು ಹಾಡಿನ ಸಮೇತ ತೋರಿಸುತ್ತಾರೆ. ಒಬ್ಬನ ಪಾಪಕ್ಕೆ ಕಾರಣ ಹುಡುಕಲು ಇಡೀ ಚಿತ್ರ, ಇನ್ನೊಬ್ಬನ ಪಾಪಕ್ಕೆ ಅವನ ನಿಕಾಹ್ ಸಾಕು.

ಇಲ್ಲಿಯವರೆಗೆ ಓದಿದ ನಮ್ಮವರು ತಲೆದೂಗುತ್ತಿರಬಹುದು. ಈಗ ನಮ್ಮ ಲಡ್ಡುವಿನ ವಿಷಯಕ್ಕೆ ಬರೋಣ.

2023ರ ಜನವರಿಯಲ್ಲಿ 'ಪಠಾನ್', ಸೆಪ್ಟೆಂಬರಿನಲ್ಲಿ 'ಜವಾನ್'. ಜಗತ್ತಿನಾದ್ಯಂತ ಎರಡೂ ಸಾವಿರ ಕೋಟಿ ದಾಟಿದವು. ನಮ್ಮ ಹುಡುಗರು ಟಾಕೀಸಿನ ಮುಂದೆ ಪಟಾಕಿ ಸಿಡಿಸಿದರು. ಬಹಿಷ್ಕಾರದ ಕೂಗೆದ್ದಿದ್ದ ಚಿತ್ರ ಗೆದ್ದಾಗ ಆಗುವ ಸಮಾಧಾನ ನಮಗೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸಮಾಧಾನವೇ ವಿಮರ್ಶೆಯಲ್ಲ. 'ಪಠಾನ್' ಚಿತ್ರದ ನಾಯಕ ಚಿತ್ರಮಂದಿರವೊಂದರಲ್ಲಿ ಬಿಟ್ಟುಹೋದ ಅನಾಥ ಶಿಶು. ಆ ಹೆಸರು ಕೂಡ ಅಫ್ಘಾನ್ ಹಳ್ಳಿಯ ಜನ ಪ್ರೀತಿಯಿಂದ ಕೊಟ್ಟದ್ದು. ಅವನಿಗೆ ಮನೆಯಿಲ್ಲ, ಬೈಯಲು ಅಮ್ಮಿ ಇಲ್ಲ. ಉಸ್ತಾದರ ಪ್ರಶ್ನೆಗೆ ಈ ಪಠಾನನೂ ಉತ್ತರ ಕೊಡಲಾರ. 'ಜವಾನ್' ರೈತರ ಆತ್ಮಹತ್ಯೆಯನ್ನೂ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಸಾಯುವ ಮಕ್ಕಳನ್ನೂ ಮುಟ್ಟುತ್ತದೆ, ಅದಕ್ಕೆ ಧೈರ್ಯ ಬೇಕು. ಆದರೆ ಮೆಟ್ರೋ ರೈಲು ಅಪಹರಿಸಿದರೆ ರೈತರ ಸಾಲ ತೀರಿಹೋಗುತ್ತದೆ. ಅಳುವವರಿಗೆ ಕಣ್ಣೊರೆಸಿಕೊಳ್ಳುವಷ್ಟೂ ಸಮಯ ಸಿಗುವುದಿಲ್ಲ. ಗೋರಖಪುರದ 2017ರ ದುರಂತವನ್ನು ನೆನಪಿಸುವ ಡಾಕ್ಟರ್ ಈರಮ್ ಎಂಬ ಪಾತ್ರವೊಂದಿದೆ. ಮಕ್ಕಳನ್ನು ಉಳಿಸಲು ಒದ್ದಾಡಿ, ತಪ್ಪು ಹೊತ್ತು ಜೈಲಿಗೆ ಹೋಗುವ ವೈದ್ಯೆ. ಆ ಇಡೀ ವರ್ಷದ ದೊಡ್ಡ ಚಿತ್ರಗಳಲ್ಲಿ ನಮಗೆ ಮನುಷ್ಯಳಂತೆ ಕಂಡವಳು ಅವಳೊಬ್ಬಳೇ. ಅವಳಿಗೆ ಸಿಕ್ಕಿದ್ದು ಕೆಲವೇ ನಿಮಿಷ, ಆಮೇಲೆ ಮತ್ತೆ ಬಂದೂಕು.

2025ರ ತೀರ್ಪುಗಾರರ ಸಮಿತಿಯ ಅಧ್ಯಕ್ಷರು ಆಶುತೋಷ್ ಗೋವಾರಿಕರ್. 2004ರಲ್ಲಿ ಶಾರುಖ್ ಖಾನರಿಂದ 'ಸ್ವದೇಸ್' ಮಾಡಿಸಿದವರು ಅವರೇ. ರೈಲು ನಿಲ್ದಾಣದಲ್ಲಿ ನೀರು ಮಾರುವ ಹುಡುಗನಿಂದ ನೀರು ಕೊಂಡು ಕುಡಿಯುವ ಆ ದೃಶ್ಯವನ್ನು ನೋಡಿದವರು ಮರೆತಿರಲಾರರು. ಶಾರುಖರಿಗೆ ಆಗ ಬಾರದ ರಾಷ್ಟ್ರಪ್ರಶಸ್ತಿ ಈಗ ಬಂತು. ನಟ ದೊಡ್ಡವನು, ಚಿತ್ರ ಚಿಕ್ಕದು. ಎರಡನ್ನೂ ಒಟ್ಟಿಗೆ ಹೇಳುವ ಎದೆಗಾರಿಕೆ ನಮಗಿರಬೇಕು.

ಹಾಗಾದರೆ ಆ ವರ್ಷ ಒಳ್ಳೆಯದು ಯಾವುದೂ ಬರಲಿಲ್ಲವೇ? ಬಂತು. 'ದ ಕೇರಳ ಸ್ಟೋರಿ' ಬಂದ ಎರಡು ವಾರಕ್ಕೆ, ಮೇ 19ರಂದು, ತೇಜಸ್ವಿಯವರ ಕಥೆಯನ್ನು ಆಧರಿಸಿದ 'ಡೇರ್ ಡೆವಿಲ್ ಮುಸ್ತಫಾ' ತೆರೆಕಂಡಿತು. ನಿರ್ದೇಶಕ ಶಶಾಂಕ್ ಸೋಗಾಲ್. ತೇಜಸ್ವಿ ಅಭಿಮಾನಿಗಳೇ ಹಣ ಕೂಡಿಸಿ ನಿರ್ಮಿಸಿದ ಚಿತ್ರ. ಮುಸ್ಲಿಂ ಹುಡುಗರೇ ಇಲ್ಲದ ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ತಫಾ ಬರುತ್ತಾನೆ. ಅವನನ್ನು ಕಂಡರೆ ಹುಡುಗರಿಗೆ ಭಯ, ಅನುಮಾನ, ಕುತೂಹಲ. ನಗುನಗುತ್ತಲೇ ಆ ಭಯದ ಪೊಳ್ಳುತನ ಬಯಲಾಗುತ್ತದೆ. ಇಲ್ಲಿನವರಿಗೆ ಹಸಿವಾಗುತ್ತದೆ, ಬೈಗುಳ ಬೀಳುತ್ತದೆ. ಇದನ್ನು ಎಷ್ಟು ಹೊಗಳಿದರೂ ಸಾಲದೆಂದು ನಾವು ಊರೆಲ್ಲ ಹೇಳಿಕೊಂಡು ತಿರುಗಿದೆವು.

ತಂಗಿಯ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಇಡೀ ಚಿತ್ರ ನಕ್ಕಳು. ಹೊರಗೆ ಬಂದು ದುಪಟ್ಟಾ ಸರಿಮಾಡಿಕೊಳ್ಳುತ್ತಾ ಕೇಳಿದಳು: "ಮಾಮೂ, ಮುಸ್ತಫಾ ಇಷ್ಟು ಧೈರ್ಯದವನಾಗಿರದಿದ್ದರೆ? ನನ್ನ ಹಾಗೆ ಪುಕ್ಕಲ ಆಗಿದ್ದರೆ, ಆಗಲೂ ಅವರು ಅವನನ್ನ ಸೇರಿಸ್ಕೊಳ್ತಿದ್ರಾ?"

ನಮ್ಮ ಬಾಯಿ ಕಟ್ಟಿತು. ಅಲ್ಲಿಯವರೆಗೆ ನಮಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಮುಸ್ತಫಾ ಎಲ್ಲರ ಮೆಚ್ಚುಗೆ ಗಳಿಸುವುದು ಎಲ್ಲರಿಗಿಂತ ಹೆಚ್ಚಿನವನಾಗಿ. ನಮ್ಮ ಮನೆಗಳಲ್ಲಿರುವುದು ಸಾಧಾರಣ ಮಕ್ಕಳು. ಶೇಕಡಾ ಐವತ್ತೈದು ಅಂಕ ತೆಗೆಯುವವರು, ಕ್ಯಾಚು ಬಿಡುವವರು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾದಾಗ ಏಕೆಂದು ಕೇಳಲು ಬಾಯಿ ಬಾರದವರು. ಮೃಗವೂ ಅಲ್ಲದ, ವೀರನೂ ಅಲ್ಲದ ಅಂಥವರ ಚಿತ್ರ 2023ರ ಭಾರೀ ಹೊಗಳಿಕೆಗಳ ನಡುವೆ ನಮಗೆ ಕಾಣಲಿಲ್ಲ. ಅದು ಬರಲಿ, ಯಾರು ಮಾಡಿದರೂ ಸರಿ. ಆ ದಿನದ ಲಡ್ಡು ನಮ್ಮ ಲೆಕ್ಕದಲ್ಲಿ.