ಕೊಡುಗೆ ಯಾರದು?

‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ – ರಿಷಬ್ ಶೆಟ್ಟಿಯವರ 2018ರ ಚಿತ್ರದ ಈ ಹೆಸರೇ ನನಗೆ ಇಷ್ಟವಾಗಿತ್ತು. ನಮ್ಮ ಕಡೆಯ ಶಾಲೆಗಳಲ್ಲಿ ಗಡಿಯಾರ, ಕಪಾಟುಗಳ ಮೇಲೂ ಇಂಥ ‘ಕೊಡುಗೆ’ ಬರೆದಿರುತ್ತದೆ. ಸರ್ಕಾರಿ ಶಾಲೆಗೆ ಸರ್ಕಾರದ ಹಣವೊಂದೇ ಸಾಲದೆಂದು ಆ ಹೆಸರೇ ಹೇಳಿಬಿಡುತ್ತದೆ.

ಚಿತ್ರ ಮಾತ್ರ ಆ ದಾರಿ ಹಿಡಿಯುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟರು ಬರುತ್ತಾರೆ. ಮಕ್ಕಳು ತಿರುಗಿ ಬೀಳುತ್ತಾರೆ. ಅನಂತನಾಗ್ ನ್ಯಾಯಾಲಯದಲ್ಲಿ ನಗಿಸುತ್ತಲೇ ವಾದಿಸುತ್ತಾರೆ. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದೂ ಸರಿಯೇ. ಆದರೆ ಶಾಲೆ ಸೊರಗುವುದು ಭಾಷೆಯ ಕಾರಣಕ್ಕೆ ಮಾತ್ರವೇ?

ನಮ್ಮ ಹಳದೀಪುರದಲ್ಲಿ ಗಡಿಯ ಜಗಳವಿಲ್ಲ. ಮನೆಗೆ ಮೀನು ತರುವವಳು ಒಮ್ಮೆ ಅಂದಳು: “ಊಟ, ಹಾಲು, ಪುಸ್ತಕ ಎಲ್ಲಾ ಕೊಡ್ತ್ರು ಅಮ್ಮಾ. ಐದು ಕ್ಲಾಸಿಗೆ ಇಬ್ರೇ ಅಕ್ಕೋರಾದ್ರೆ ಕಲಿಸೂದು ಯಾವಾಗ?”

2002ರಲ್ಲಿ ಶುರುವಾದ ಅಕ್ಷರ ದಾಸೋಹ, 2013ರ ಕ್ಷೀರಭಾಗ್ಯ ಬಡಮಕ್ಕಳ ಹೊಟ್ಟೆ ತಂಪು ಮಾಡಿದ್ದು ಸಣ್ಣ ಮಾತಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲೇ, 60 ಮಕ್ಕಳವರೆಗೆ ಒಂದರಿಂದ ಐದನೆಯ ತರಗತಿಗೆ ಸಿಗುವವರು ಇಬ್ಬರು ಶಿಕ್ಷಕರು. ಮಕ್ಕಳು ಕಡಿಮೆಯಾದರೆ ಶಿಕ್ಷಕರೂ ಕಡಿಮೆ. ಶಿಕ್ಷಕರಿಲ್ಲವೆಂದು ಫೀ ಕಟ್ಟಬಲ್ಲವರು ಮಕ್ಕಳನ್ನು ಬೇರೆಡೆಗೆ ಕಳಿಸುತ್ತಾರೆ. ಉಳಿಯುವವರು ಕೈಲಾಗದವರ ಮಕ್ಕಳು. ಖಳನಿಲ್ಲದ ಈ ಕಥೆ ಚಿತ್ರಕ್ಕೆ ಕಾಣಲಿಲ್ಲ.

ದಾನಿಗಳ ಹೆಸರು ಗೋಡೆಯ ಮೇಲಿರಲಿ, ಸಂತೋಷ. ತರಗತಿಗೊಬ್ಬರು ಅಕ್ಕೋರು ಮಾತ್ರ ಯಾರ ಕೊಡುಗೆಯೂ ಆಗಬಾರದು. ಅದು ಆ ಮೀನು ಮಾರುವವಳ ಮಗಳಿಗೆ ಸಲ್ಲಬೇಕಾದದ್ದು.